ಹೆಸರು ಕೊರೆದ ಹಿತ್ತಾಳೆ ಪಾತ್ರೆ

ಬೆಂಗಳೂರಿನ ಚಿಕ್ಕಪೇಟೆ ಸುತ್ತ ನಡೆಯುವ ಸಂಡೇ ಬಜಾರಿನಲ್ಲಿ ನಾನು ಮೊದಲು ಕೊಂಡದ್ದು ಒಂದು ಹಿತ್ತಾಳೆ ಕೊಳದಪ್ಪಲೆ. ಮನೆಗೆ ತಂದು ಹುಣಸೆಹಣ್ಣು ಹಾಕಿ ತಿಕ್ಕಿದೆ. ಬಂಗಾರದ ಹಾಗೆ ಹೊಳೆಯಿತು. ನೀರು ತುಂಬಿದರೆ ತಳದಲ್ಲಿ ಹನಿ ಹನಿ ಸೋರಿತು. ತೂತಿಗೆ ಬೆಸುಗೆ ಹಾಕಿ ಮೇಲೆ ಮಸಿ ಬಳಿದಿದ್ದರು. ಹಳೇ ಬೆಸುಗೆಯಲ್ಲಿ ಸೀಸ ಇರಬಹುದು. ಹಾಗಾಗಿ ಅಡುಗೆಗೆ ಇಡುವ ಧೈರ್ಯ ಬರಲಿಲ್ಲ. ಅವತ್ತು ತುಂಬಾ ಬೇಜಾರಾಯಿತು.

ಈಗ ಬ್ಯಾಗಿನಲ್ಲಿ ಒಂದು ಚಿಕ್ಕ ಅಯಸ್ಕಾಂತ, ಒಂದು ಬಾಟಲಿ ನೀರು, ಹಳೇ ಪೇಪರ್ ಇಟ್ಟುಕೊಂಡೇ ಹೊರಡುತ್ತೇನೆ. ಅಯಸ್ಕಾಂತ ಅಂಟಿದರೆ ಒಳಗೆ ಕಬ್ಬಿಣ ಇದೆ ಅಂತ ಅರ್ಥ. ಪಾತ್ರೆಗೆ ನೀರು ಹಾಕಿ ಪೇಪರ್ ಮೇಲೆ ಇಟ್ಟು ಸುಮ್ನೆ ಐದು ನಿಮಿಷ ಮಾತಾಡುತ್ತಾ ನಿಂತರೆ ಸಾಕು, ಸಣ್ಣ ತೂತಿದ್ದರೂ ಸಾಮಾನ್ಯವಾಗಿ ಪೇಪರ್ ಒದ್ದೆಯಾಗುತ್ತದೆ. ಒಳ್ಳೆ ವ್ಯಾಪಾರಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. "ನೋಡಿ ಅಕ್ಕ, ನಿಧಾನಕ್ಕೆ ನೋಡಿ" ಅನ್ನುತ್ತಾರೆ. ಕಂಚಿನ ತಟ್ಟೆಗೆ ಮಾತ್ರ ಕಿವಿ ಬೇಕು. ಬೆರಳ ತುದಿಯಲ್ಲಿ ಎತ್ತಿ ಹಿಡಿದು ತಟ್ಟಿದರೆ 'ಖಣ್' ಅಂತ ಎಳೆದು ಕೇಳಬೇಕು. ಸದ್ದು ಮೊಂಡಾಗಿ ನಿಂತರೆ ಕೂದಲೆಳೆಯ ಬಿರುಕು ಇದೆ ಅಂತ ಲೆಕ್ಕ. ಕಂಚು ಕೈಜಾರಿ ಬಿದ್ದರೆ ಸೀಳಬಹುದು, ಅದು ಎಷ್ಟೋ ಸಲ ಕಣ್ಣಿಗೆ ಕಾಣುವುದಿಲ್ಲ.

ರೇಟು ಕಿಲೋ ಲೆಕ್ಕದಲ್ಲಿ ಕೇಳಿ. ನಮ್ಮ ಬೀದಿಯ ಗುಜರಿ ಅಂಗಡಿಯಲ್ಲಿ ಅವತ್ತಿನ ಹಿತ್ತಾಳೆ ಬೆಲೆ ಕೇಳಿಕೊಂಡು ಹೋಗುತ್ತೇನೆ. ಅದಕ್ಕಿಂತ ಜಾಸ್ತಿ ಕೊಡುವುದು ನ್ಯಾಯ ಅಂತಲೇ ನನ್ನ ಅಭಿಪ್ರಾಯ. ಬಜಾರಿನ ವ್ಯಾಪಾರಿಗಳು ಆರಿಸಿ ತೆಗೆದಿಡದಿದ್ದರೆ ಆ ಪಾತ್ರೆ ಕರಗಿ ಹೋಗುತ್ತಿತ್ತು, ಅಲ್ವಾ?

ಆಮೇಲೆ ಕಲಾಯಿ, ಅಂದರೆ ಪಾತ್ರೆಯ ಒಳಗೆ ಹಾಕಿಸುವ ತವರದ ಲೇಪ. ಅದಿಲ್ಲದ ಹಿತ್ತಾಳೆಯಲ್ಲಿ ಹುಳಿ, ಮೊಸರು ಇಟ್ಟರೆ ಕಿಲುಬು ಬರುತ್ತದೆ. ನಾನು ಪಕ್ಕದಲ್ಲೇ ನಿಂತು ಮಾಡಿಸುತ್ತೇನೆ. ಪಾತ್ರೆ ಚೆನ್ನಾಗಿ ಕಾದ ಮೇಲೆ ಕಲಾಯಿಯವರು ನವಸಾಗರದ (ಅಮೋನಿಯಂ ಕ್ಲೋರೈಡ್) ಪುಡಿ ಉದುರಿಸುತ್ತಾರೆ, ಬಿಳಿ ಹೊಗೆ ಏಳುತ್ತದೆ. ತವರದ ಕಡ್ಡಿ ಮುಟ್ಟಿಸಿದ ಕೂಡಲೇ ಕರಗುತ್ತದೆ. ಹತ್ತಿಯಲ್ಲಿ ಒಂದು ಸುತ್ತು ಒರೆಸಿದರೆ ಹಳದಿ ಇದ್ದದ್ದು ಬೆಳ್ಳಿಯಾಗಿ ತಿರುಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಲದು. ತವರ ಕರಗುವುದು 232 ಡಿಗ್ರಿಗೆ. ಹಾಗಾಗಿ ಖಾಲಿ ಪಾತ್ರೆಯನ್ನು ಒಲೆ ಮೇಲೆ ಇಡಲೇಬೇಡಿ. ಸ್ಟೀಲ್ ನಾರೂ ಬೇಡ. ಒಳಗೆ ಹಳದಿ ಇಣುಕಿದಾಗ ಮತ್ತೆ ಕಲಾಯಿ ಹಾಕಿಸಿ.

ಹೋದ ವರ್ಷ ಸಿಕ್ಕ ಕೊಳದಪ್ಪಲೆಯ ಕಂಠದಲ್ಲಿ ಒಂದು ಹೆಂಗಸಿನ ಹೆಸರಿದೆ, ಮುಂದೆ ಊರಿನ ಮೊದಲಕ್ಷರ. ಉಳಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಬಡಿದು ಬರೆದದ್ದು. ಒಂದು ಒತ್ತು ಜಾಗ ಸಾಲದೆ ಪಕ್ಕಕ್ಕೆ ಸರಿದಿದೆ. ಮದುವೆಗೆ ಕೊಟ್ಟದ್ದಿರಬೇಕು. "ಹೊರಗಡೆ ಮಿಷನ್ ಪಾಲಿಶ್ ಹಾಕಲಾ?" ಅಂತ ಕಲಾಯಿಯವರು ಕೇಳಿದರು. ಚುಕ್ಕೆಗಳು ಸವೆದು ಹೋಗುತ್ತವಲ್ಲ, "ಬೇಡಣ್ಣ" ಅಂದೆ. ಹುಳಿ ಕುದಿಯುವಾಗ ಆ ಹೆಸರು ನನ್ನ ಕಡೆಗೆ ಬರುವ ಹಾಗೆ ಪಾತ್ರೆ ತಿರುಗಿಸಿ ಇಡುತ್ತೇನೆ.