ಬೆರಳಿನ ಮಸಿಯಿಂದ ಬರಹ ಶುರು

ರಾಜಕೀಯ, ಪ್ರೀತಿ, ದಿನದ ಬದುಕು ಮೂರೂ ಒಂದೇ ಬರಹದಲ್ಲಿ ಕೂರಬೇಕಾದರೆ ಅಭಿಪ್ರಾಯದಿಂದ ಶುರು ಮಾಡಬಾರದು. ಮೂರಕ್ಕೂ ತಗಲುವ ಒಂದು ವಸ್ತು ಹಿಡಿಯಬೇಕು. ನಾನು ಹಿಡಿದದ್ದು ಮತ ಹಾಕುವಾಗ ಎಡಗೈ ತೋರುಬೆರಳಿಗೆ ಎಳೆಯುವ ಮಸಿಗೆರೆ.

ವಸ್ತು ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ತಿಳಿಯಬೇಕು, ಬರಹದ ರೂಪ ಅಲ್ಲಿಂದಲೇ ಬರುತ್ತದೆ. 1962ರ ಸಾರ್ವತ್ರಿಕ ಚುನಾವಣೆಯಿಂದ ಬಳಕೆಯಲ್ಲಿರುವ ಈ ಶಾಯಿ ತಯಾರಾಗುವುದು ಮೈಸೂರಿನ ಸರ್ಕಾರಿ ಪೇಂಟ್ ಕಾರ್ಖಾನೆಯಲ್ಲಿ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ಬಿದ್ದಂತೆ ಕಪ್ಪಾಗುತ್ತದೆ. ಚರ್ಮದ ಮೇಲಿನದು ಬೇಗ ಮಾಸುತ್ತದೆ. ಉಗುರಿನದು ಉಗುರು ಬೆಳೆದು ಕತ್ತರಿಸುವ ತನಕ ಇರುತ್ತದೆ. ಉಗುರು ಬೆಳೆಯುವುದು ತಿಂಗಳಿಗೆ ಹೆಚ್ಚುಕಡಿಮೆ 3 ಮಿಲಿಮೀಟರ್. ಹೀಗೆ ಬರಹದ ಅವಧಿ ತಾನೇ ಗೊತ್ತಾಯಿತು: ಫಲಿತಾಂಶ ಬಂದ ಮೇಲೂ ಬರೆಯುತ್ತಿರಬೇಕು, ಗೆರೆಯ ಕೊನೆ ಚೂರು ಹೋಗುವವರೆಗೆ.

200 ಪುಟದ ಲಾಂಗ್ ಬುಕ್, ಎಡಪುಟದಲ್ಲಿ ಮಾತ್ರ ದಿನಕ್ಕೆ ಐದು ಸಾಲು. ಮೂರು ಸಾಲು ಆ ಕೈ ಮಾಡಿದ ಕೆಲಸ: ಹುಳಿಗೆ ಹುಣಸೆ ಕಿವುಚಿದ್ದು, ಬಸ್ಸಿನ ಕಂಬಿ ಹಿಡಿದದ್ದು. ಒಂದು ಸಾಲು ಕಿವಿಗೆ ಬಿದ್ದ ಮಾತು, ಆಡಿದ ಹಾಗೇ. ಕೊನೆಯದು ಪ್ರೀತಿಸುವವರಿಗೆ ಹೇಳಿದ್ದು ಅಥವಾ ಹೇಳದೆ ನುಂಗಿದ್ದು. ಬಲಪುಟ ಮುಟ್ಟುವುದು ಹದಿನೈದು ದಿನ ಕಳೆದ ಮೇಲೆ, ತಿದ್ದುವುದಕ್ಕೆ.

ತಿದ್ದುವಾಗ ಮೊದಲು ತೆಗೆಯುವುದು ‘ನಾನು’, ‘ನೀನು’. ಕನ್ನಡದಲ್ಲಿ ಇದರಿಂದ ಒಂದು ಅಪರೂಪದ ಲಾಭವಿದೆ. ನಾನು ಬಂದೆ, ನೀನು ಬಂದೆ. ಕ್ರಿಯಾಪದ ಎರಡಕ್ಕೂ ಒಂದೇ. ‘ಸಂಜೆ ಬರ್ತೀನಿ ಅಂದೆ. ಪಾತ್ರೆ ತೊಳೆದೆ. ಗೆರೆ ಹೋಗಲಿಲ್ಲ.’ ಅಂದದ್ದು ಯಾರು, ತೊಳೆದದ್ದು ಯಾರು? ಇಬ್ಬರೂ ಒಂದೇ ಪದದೊಳಗೆ ಇದ್ದಾರೆ. ಪ್ರೀತಿ ಎಂಬ ಪದ ಬರೆಯದೇ ಅದು ಅಲ್ಲಿದೆ. ಓಟು ಕೇಳಲು ಬಂದವರು ಮಾತ್ರ ‘ಅಂದಿರಿ’. ಆ ‘ಇರಿ’ ಅವರನ್ನು ಹೊಸ್ತಿಲಾಚೆಯೇ ನಿಲ್ಲಿಸುತ್ತದೆ. ರಾಜಕೀಯದ ದೂರವನ್ನು ವ್ಯಾಕರಣವೇ ಅಳೆದು ಕೊಡುವಾಗ ಟೀಕೆಯ ಸಾಲು ಬೇಕಾಗುವುದಿಲ್ಲ.

ಇದು ಭೂತಕಾಲದಲ್ಲಿ ಮಾತ್ರ ನಡೆಯುತ್ತದೆ. ‘ತೊಳೆಯುತ್ತೇನೆ’, ‘ತೊಳೆಯುತ್ತೀಯ’ ಎಂದ ಕೂಡಲೇ ಇಬ್ಬರೂ ಬೇರೆಯಾಗುತ್ತಾರೆ. ಜಗಳದ ದಿನಗಳನ್ನು ವರ್ತಮಾನಕಾಲದಲ್ಲಿ ಬರೆದದ್ದು ಅದಕ್ಕೇ. ಯಾರೆಂದು ಹೇಳದ ಭೂತಕಾಲದ ಸಾಲು ಸತತ ಮೂರಕ್ಕಿಂತ ಹೆಚ್ಚಾದರೆ ಓದುವವರಿಗೆ ದಿಕ್ಕು ತಪ್ಪುತ್ತದೆ. ನಾಲ್ಕನೆಯದರಲ್ಲಿ ಒಬ್ಬರಿಗೇ ಸೇರಿದ ಗುರುತು ಇಡಬೇಕು, ಕನ್ನಡಕವೋ ಸುಟ್ಟ ಕಲೆಯೋ.

ಕೆಡುವುದು ಹೆಚ್ಚಾಗಿ ಎರಡು ಕಡೆ. ಪತ್ರಿಕೆಯ ಮಾತು ನುಸುಳುತ್ತದೆ: ‘ಹಕ್ಕು ಚಲಾಯಿಸಿದೆ’. ಕೈ ಅಂಥದ್ದೇನೂ ಮಾಡಲಿಲ್ಲ, ಗುಂಡಿ ಒತ್ತಿತು, ಹಾಗೇ ಬರೆಯಿರಿ. ಇನ್ನೊಂದು, ‘ಪ್ರೀತಿಯೂ ಈ ಮಸಿಯಂತೆ’ ಎಂಬ ಹೋಲಿಕೆ. ಮೊದಲ ವಾರದಲ್ಲೇ ಬರುತ್ತದೆ, ಚೆನ್ನಾಗಿಯೂ ಕಾಣುತ್ತದೆ. ಅದನ್ನು ಉಳಿಸಿಕೊಂಡರೆ ಮುಂದಿನ ದಿನಗಳೆಲ್ಲ ಅದಕ್ಕೆ ಸಾಕ್ಷಿ ಒದಗಿಸುವ ಕೆಲಸಕ್ಕೆ ನಿಲ್ಲುತ್ತವೆ. ಹೊಡೆದುಹಾಕಬೇಕು.

ಹೊರಗೆ ಕೊಡುವ ಮುನ್ನ ಬರಹದಲ್ಲಿರುವ ಆ ಇನ್ನೊಬ್ಬರಿಗೆ ಪೂರ್ತಿ ಓದಿಸುತ್ತೇನೆ. ಬೇಡ ಅಂದ ಸಾಲು ಹೋಗುತ್ತದೆ. ಅಲ್ಲಿಗೆ ಬೇರೆ ಸಾಲು ತುಂಬುವುದಿಲ್ಲ. ಒಂದು ಸಾಲಿನಷ್ಟು ಜಾಗ ಖಾಲಿ ಬಿಡುತ್ತೇನೆ.