ಬೆಳೆ ಕುಗ್ಗಿತೋ, ಉಪಗ್ರಹ ಬದಲಾಯಿತೋ?

ಕಲಬುರಗಿ ಜಿಲ್ಲೆಯ ತೊಗರಿ ಹೊಲಗಳ ಹಸಿರನ್ನು ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕುವುದು ನನ್ನ ಕೆಲಸ. ಒಂದೇ ಉಪಗ್ರಹ ನಂಬಿಕೊಂಡರೆ ಈ ಕೆಲಸ ಆಗುವುದಿಲ್ಲ. ಜೂನ್-ಜುಲೈನಲ್ಲಿ ಬಿತ್ತಿದ ಮೇಲೆ ಸೆಪ್ಟೆಂಬರ್‌ವರೆಗೂ ಮೋಡ. ಅಮೆರಿಕದ ಲ್ಯಾಂಡ್‌ಸ್ಯಾಟ್ 8 ಉಪಗ್ರಹ ಅದೇ ಜಾಗಕ್ಕೆ ಮತ್ತೆ ಬರುವುದು 16 ದಿನಕ್ಕೊಮ್ಮೆ. ಆ ದಿನವೂ ಮೋಡ ಕವಿದಿದ್ದರೆ ತಿಂಗಳೇ ಕೈತಪ್ಪಿತು. ಹಾಗಾಗಿ ಯುರೋಪಿನ ಸೆಂಟಿನೆಲ್-2, ಲ್ಯಾಂಡ್‌ಸ್ಯಾಟ್ 8 ಮತ್ತು 9, ಹಳೆಯ ವರ್ಷಗಳಿಗೆ ನಾಸಾ ಉಪಗ್ರಹದಲ್ಲಿರುವ ಮೋಡಿಸ್ ಉಪಕರಣ, ಎಲ್ಲವನ್ನೂ ಸೇರಿಸಿಕೊಳ್ಳುತ್ತೇನೆ. ಆದರೆ ಇವು ಬೇರೆ ಬೇರೆ ಊರಿನ ಸೇರಿನಲ್ಲಿ ಅಳೆದ ಜೋಳ ಇದ್ದಂತೆ. ಸುಮ್ನೆ ಒಂದೇ ರಾಶಿಗೆ ಸುರಿಯಲು ಬರುವುದಿಲ್ಲ.

ವ್ಯತ್ಯಾಸ ಸಣ್ಣದು, ಇರಲಿ ಬಿಡಿ ಅನ್ನುವವರಿದ್ದಾರೆ. ಬರದ ಲೆಕ್ಕದಲ್ಲಿ ಅದು ಸಣ್ಣದಾಗಿ ಉಳಿಯುವುದಿಲ್ಲ. ಒಂದು ಜಾಗದ ಎನ್‌ಡಿವಿಐ, ಅಂದರೆ ಹಸಿರಿನ ಅಳತೆ, ಹಿಂದಿನ ವರ್ಷಗಳಲ್ಲಿ ಕನಿಷ್ಠ 0.30, ಗರಿಷ್ಠ 0.70 ಇತ್ತು ಅಂದುಕೊಳ್ಳಿ. ಈ ವರ್ಷ 0.50 ಬಂದರೆ ಸಸ್ಯ ಸ್ಥಿತಿ ಸೂಚ್ಯಂಕ, ಅಂದರೆ ಆ ಕನಿಷ್ಠ ಸೊನ್ನೆ, ಗರಿಷ್ಠ ನೂರು ಅಂದುಕೊಂಡರೆ ಈ ವರ್ಷ ಎಲ್ಲಿ ನಿಲ್ಲುತ್ತದೆ ಅನ್ನುವುದು, 50. ಅದೇ 0.46 ಬಂದರೆ 40. ಆ 0.04 ಹೊಲದ್ದಲ್ಲ, ಉಪಗ್ರಹದ್ದು ಅನ್ನುವುದಾದರೆ, ಇಲ್ಲದ ಬರವನ್ನು ನಾವೇ ತಂದಂತಾಯಿತು ಅಲ್ವಾ?

ಹೊಸಬರು ಬಂದಾಗ ನಾನು ಮೊದಲು ಕೇಳುವುದು ಸೆಂಟಿನೆಲ್-2ರ ಸಾವಿರದ ಬಗ್ಗೆ. 2022ರ ಜನವರಿ 25ರಿಂದ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಚಿತ್ರದ ಪ್ರತಿ ಅಂಕಿಗೂ, ಅಂದರೆ ನೆಲ ಎಷ್ಟು ಬೆಳಕು ಹಿಂದಕ್ಕೆ ಕಳಿಸಿತು ಎಂಬ ಅಳತೆಗೆ, 1000 ಕೂಡಿಸಿ ಕೊಡುತ್ತಿದೆ. ತೀರಾ ಕಪ್ಪು ಜಾಗಗಳ ಬೆಲೆ ಸೊನ್ನೆಗಿಂತ ಕೆಳಗಿಳಿದರೂ ಕಳೆದುಹೋಗದಿರಲಿ ಎಂದು ಈ ಏರ್ಪಾಡು. ನಾವು ಆ ಸಾವಿರ ಕಳೆದು, ಆಮೇಲೆ 10000ದಿಂದ ಭಾಗಿಸಬೇಕು. ಕಳೆಯದಿದ್ದರೆ ಏನಾಗುತ್ತದೆ ನೋಡಿ. ಅವಕೆಂಪು (ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕು) ಅಂಕಿಯಿಂದ ಕೆಂಪಿನ ಅಂಕಿ ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ. ಚೆನ್ನಾಗಿ ಬೆಳೆದ ತೊಗರಿಯಲ್ಲಿ ಕೆಂಪು 400, ಅವಕೆಂಪು 4000 ಇದ್ದರೆ ಅದು 0.82. ಎರಡಕ್ಕೂ ಸಾವಿರ ಸೇರಿದರೆ 1400 ಮತ್ತು 5000, ಎನ್‌ಡಿವಿಐ 0.56. ಹೊಲದಲ್ಲಿ ಒಂದು ಎಲೆಯೂ ಉದುರಿಲ್ಲ, 2022ರ ಹಂಗಾಮು ಮಾತ್ರ 2021ಕ್ಕಿಂತ ನೆಲಕಚ್ಚಿದಂತೆ ಕಾಣುತ್ತದೆ. ತಾರೀಕು ನೋಡಿ ಕಳೆಯುವುದೂ ಸಾಲದು. ಹಳೆಯ ಚಿತ್ರಗಳನ್ನು ಆಮೇಲೆ ಮತ್ತೆ ಸಂಸ್ಕರಿಸಿ ಕೊಟ್ಟಿದ್ದಾರೆ, ಅವುಗಳಲ್ಲೂ ಸಾವಿರ ಸೇರಿದೆ. ನಾನು ಕಡತದ ಹೆಸರಿನಲ್ಲಿರುವ ಆವೃತ್ತಿ ಸಂಖ್ಯೆ ನೋಡುತ್ತೇನೆ. 0400 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಳೆಯುತ್ತೇನೆ. ಲ್ಯಾಂಡ್‌ಸ್ಯಾಟ್‌ನ ಲೆಕ್ಕ ಬೇರೆ: 0.0000275ರಿಂದ ಗುಣಿಸಿ 0.2 ಕಳೆಯಬೇಕು.

ಎರಡನೆಯದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚೌಕದ ಗಾತ್ರ. ಸೆಂಟಿನೆಲ್-2ರ 10 ಮೀಟರ್ ಪಿಕ್ಸೆಲ್ ಸರಿಸುಮಾರು ನಮ್ಮ ಒಂದು ಗುಂಟೆ. ಲ್ಯಾಂಡ್‌ಸ್ಯಾಟ್‌ನದು ಒಂಬತ್ತು ಗುಂಟೆ. ಮೋಡಿಸ್‌ನ 250 ಮೀಟರ್ ಪಿಕ್ಸೆಲ್ ಅಂದರೆ ಹದಿನೈದೂವರೆ ಎಕರೆ, ಅದರೊಳಗೆ ತೊಗರಿ, ಹೆಸರು, ಬೀಳು, ಬದು, ಹಳ್ಳ ಎಲ್ಲ ಬಂತು. ಹಾಗಾಗಿ ಮೋಡಿಸ್ ಅಂಕಿಯನ್ನು ಒಬ್ಬ ರೈತರ ಹೊಲದ ಅಂಕಿ ಎಂದು ನಾನು ಯಾವತ್ತೂ ಕೊಡುವುದಿಲ್ಲ. ಹೋಬಳಿ ಮಟ್ಟಕ್ಕೆ ಸರಿ. ಸಣ್ಣ ಪಿಕ್ಸೆಲ್ಲನ್ನು ದೊಡ್ಡದಕ್ಕೆ ಹೊಂದಿಸುವಾಗ ಮೊದಲು ಕೆಂಪು, ಅವಕೆಂಪುಗಳ ಸರಾಸರಿ ತೆಗೆದು ಆಮೇಲೆ ಎನ್‌ಡಿವಿಐ ಮಾಡುತ್ತೇನೆ. ಅರ್ಧ ಬೆಳೆ, ಅರ್ಧ ಖಾಲಿ ನೆಲ ಇರುವ ಕಡೆ ಕ್ರಮ ಉಲ್ಟಾ ಆದರೆ 0.52 ಬರಬೇಕಾದಲ್ಲಿ 0.48 ಬರಬಹುದು. ಮೇಲೆ ಹೇಳಿದ 0.04 ಇಲ್ಲೇ ಹುಟ್ಟಿತು!

ಬ್ಯಾಂಡ್, ಅಂದರೆ ಉಪಗ್ರಹ ಬೇರೆಬೇರೆಯಾಗಿ ಅಳೆಯುವ ಬೆಳಕಿನ ಪಟ್ಟಿಯ ವಿಷಯ ಚುಟುಕಾಗಿ ಹೇಳುತ್ತೇನೆ. ಸೆಂಟಿನೆಲ್-2ರಲ್ಲಿ ಅವಕೆಂಪಿಗೆ ಎರಡು ಬ್ಯಾಂಡ್ ಇವೆ. 10 ಮೀಟರ್‌ನ ಬಿ8 ಅಗಲ, ಗಾಳಿಯ ತೇವಾಂಶ ಅದರಲ್ಲಿ ಕೈಯಾಡಿಸುತ್ತದೆ. 20 ಮೀಟರ್‌ನ ಬಿ8ಎ ಕಿರಿದು, ಲ್ಯಾಂಡ್‌ಸ್ಯಾಟ್ 8ರ ಅವಕೆಂಪಿಗೆ ಹತ್ತಿರ. ಜೋಡಿಸುವಾಗ ಬಿ8ಎ, ಸಣ್ಣ ಹೊಲವನ್ನಷ್ಟೇ ನೋಡುವಾಗ ಬಿ8.

ಇಷ್ಟಾದ ಮೇಲೆ ಸೆಂಟಿನೆಲ್-2, ಲ್ಯಾಂಡ್‌ಸ್ಯಾಟ್ ಎರಡೂ ಒಂದೇ ದಿನ ಹಾದುಹೋದ ತಾರೀಕುಗಳನ್ನು ಹುಡುಕುತ್ತೇನೆ. ಅಂಥ ದಿನ ಬೆಳೆ ಬೆಳೆಯಿತು ಎಂಬ ನೆಪಕ್ಕೆ ಜಾಗವಿಲ್ಲ. ಕಡಿಮೆ ಹಸಿರಿಗೆ ಶಹಾಬಾದ್ ಕಡೆಯ ಕಲ್ಲುಗಣಿ ಬಯಲು, ಜಾಸ್ತಿ ಹಸಿರಿಗೆ ಚಿಂಚೋಳಿ ಕಾಡು, ನಡುವೆ ತೊಗರಿ ಹೊಲ. ಬದುವಿನ ಪಕ್ಕದ ಪಿಕ್ಸೆಲ್ ಬಿಟ್ಟು ಒಳಗಿನವನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಎರಡು ಚಿತ್ರಗಳು ನೆಲದ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಕೂರುವುದಿಲ್ಲ. ಕಲ್ಲಿನ ಬಯಲೇ ಎರಡರಲ್ಲಿ ಬೇರೆ ಬೇರೆ ಕಂಡರೆ ಬೆಳೆಯ ಮಾತೇ ಎತ್ತುವುದಿಲ್ಲ, ಮೋಡದ ತೆಳು ಪೊರೆಯೋ ಗುಣಕವೋ ಎಂದು ಹಿಂದಕ್ಕೆ ಹೋಗುತ್ತೇನೆ. ಬೇರೆ ದೇಶದ ಹೊಲಗಳಿಂದ ತೆಗೆದ ಹೊಂದಾಣಿಕೆ ಸೂತ್ರಗಳು ಸಿಗುತ್ತವೆ. ಎರೆ ನೆಲದಲ್ಲಿ, ಅಗಲ ಸಾಲಿನ ತೊಗರಿಯಲ್ಲಿ ಅವನ್ನು ಪರೀಕ್ಷಿಸದೆ ಬಳಸುವುದು ನನಗೆ ಒಪ್ಪಿಗೆಯಿಲ್ಲ.

ಇಷ್ಟು ಮಾಡಲು ಪುರುಸೊತ್ತಿಲ್ಲದವರಿಗೆ ನಾಸಾ ಮೊದಲೇ ಹೊಂದಿಸಿ ಕೊಡುವ ಎಚ್‌ಎಲ್‌ಎಸ್ ಚಿತ್ರಗಳು ಒಳ್ಳೆಯವು. ಲ್ಯಾಂಡ್‌ಸ್ಯಾಟ್, ಸೆಂಟಿನೆಲ್-2 ಎರಡಕ್ಕೂ ಒಂದೇ ವಾತಾವರಣ ತಿದ್ದುಪಡಿ ಮಾಡಿ, ನೋಡುವ ಕೋನ ಮತ್ತು ಬ್ಯಾಂಡ್ ವ್ಯತ್ಯಾಸ ಸರಿಪಡಿಸಿ, 30 ಮೀಟರ್‌ನಲ್ಲಿ ಕೊಡುತ್ತಾರೆ. ತಾಲ್ಲೂಕು ವರದಿಗೆ ನಾನೂ ಅದನ್ನೇ ಬಳಸುತ್ತೇನೆ. ಎರಡು ಎಕರೆ ಹೊಲಕ್ಕೆ ಮಾತ್ರ 30 ಮೀಟರ್ ದಪ್ಪವಾಯಿತು.

ಈಗಿನ ತಲೆನೋವು ಮೋಡಿಸ್. ಅದನ್ನು ಹೊತ್ತ ಟೆರಾ ಉಪಗ್ರಹ ಮೊದಲು ಬೆಳಗ್ಗೆ 10:30ಕ್ಕೆ ಹಾದುಹೋಗುತ್ತಿತ್ತು. 2020ರ ನಂತರ ಆ ಸಮಯ ಇನ್ನೂ ಬೇಗಕ್ಕೆ ಸರಿಯುತ್ತಾ ಬಂದಿದೆ. ಬದಲಿಗೆ ಬರುವ, ಬೇರೆ ಉಪಗ್ರಹಗಳಲ್ಲಿರುವ ವಿಐಐಆರ್‌ಎಸ್ ಎಂಬ ಉಪಕರಣ ನೋಡುವುದು ಮಧ್ಯಾಹ್ನ ಸುಮಾರು 1:30ಕ್ಕೆ, ಬಿಸಿಲಿನ ಕೋನ ಬೇರೆ. 2012ರಿಂದ ಎರಡರ ಮಾಹಿತಿಯೂ ಇದೆ. ಆ ವರ್ಷಗಳ ತೊಗರಿ ಹಂಗಾಮುಗಳನ್ನು ಎರಡರಲ್ಲೂ ತೆಗೆದು ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ. ಅದು ಮುಗಿಯುವ ತನಕ ಒಂದರ ಕನಿಷ್ಠ-ಗರಿಷ್ಠಕ್ಕೆ ಇನ್ನೊಂದರ ಈ ವರ್ಷದ ಅಂಕಿ ಹಚ್ಚುವುದಿಲ್ಲ.