ಅಕ್ಕಿಮುಡಿ ತಪ್ಪಾಗಿ ಕಟ್ಟಿದೆ, ಪದಗಳು ಬಂದವು

"ಗೋವಿಂದ ಪೈ ಸಂಶೋಧನ ಕೇಂದ್ರದ 6 ಸಂಪುಟದ ತುಳು ನಿಘಂಟು ಇದೆಯಲ್ಲ ಮಾರಾಯ, ನಿನ್ನದೇನು ಹೊಸತು?" ಎಂದು ನಕ್ಕವರಿಗೆ ಇದು. ಅಜ್ಜಿಯಂದಿರ ಬಾಯಿಂದ ತುಳು ಪದಗಳನ್ನು ದನಿಯಲ್ಲೇ ಹಿಡಿದಿಡಲು ಮೂರು ವರ್ಷ, 35,000 ರೂಪಾಯಿಯ ಹತ್ತಿರ ಖರ್ಚು. ಈಗ ಕೈಯಲ್ಲಿ ಸುಮಾರು 90 ಗಂಟೆಯ ದನಿ, 1,800 ಪದ ಇದೆ. ಅದರಲ್ಲಿ 40 ಆದರೂ ಆ ನಿಘಂಟಿನಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಮೊದಲ ವರ್ಷ ಪೂರ್ತಿ ಹಾಳು. ಪಟ್ಟಿ ಹಿಡಿದು ಹೋಗಿ "ಉಂದೆಕ್ ದಾದ ಪನ್ಪೆರ್?" (ಇದಕ್ಕೆ ಏನು ಹೇಳುತ್ತಾರೆ?) ಎಂದು ಕೇಳುತ್ತಿದ್ದೆ. ಮೈಕ್ ಕಂಡದ್ದೇ ಅಜ್ಜಿಯಂದಿರು ಬಂದಷ್ಟು ಕನ್ನಡಕ್ಕೆ ಹಾರುತ್ತಿದ್ದರು. ಉಳಿದದ್ದನ್ನು ಮೊಮ್ಮಕ್ಕಳು ಹೇಳಿಕೊಡುತ್ತಿದ್ದರು. ತಗಡಿನ ಮಾಡಿನ ಮೇಲೆ ಆಟಿ ತಿಂಗಳ ಮಳೆ ಸುರಿದು 11 ಗಂಟೆಯ ದನಿ ಕೆಟ್ಟಿತು. 9,000 ಕೊಟ್ಟು ತಂದ ರೆಕಾರ್ಡರ್ ತೋಡಿಗೆ ಬಿತ್ತು. ಆಮೇಲೆ ಮೊಬೈಲು, 700 ರೂಪಾಯಿಯ ಕಾಲರ್ ಮೈಕು, ಅಷ್ಟೇ. ದಿನದ ಮಜೂರಿ ಕೊಡಹೋದರೆ ಕೆಲವರಿಗೆ ಸಿಟ್ಟು ಬಂತು. ಎಲೆ ಅಡಿಕೆ, ಹೊಗೆಸೊಪ್ಪು ನಡೆಯಿತು.

ದಾರಿ ಸಿಕ್ಕಿದ್ದು ಬೆಳ್ತಂಗಡಿ ಕಡೆಯ ಒಂದು ಅಂಗಳದಲ್ಲಿ. ಬೇಸತ್ತು ಬೈಹುಲ್ಲು ಹರಡಿ ಅಕ್ಕಿಮುಡಿ, ಅಂದರೆ ಅಕ್ಕಿ ತುಂಬಿಡುವ ಹುಲ್ಲಿನ ಮೂಟೆ, ಕಟ್ಟಲು ಕೂತೆ. 42 ಸೇರಿನ ಪೂರಾ ಮುಡಿಯಲ್ಲ, ಒಂದು ಕಳಸೆಯ, ಅಂದರೆ ಅದರ ಮೂರನೇ ಒಂದು ಪಾಲಿನ, ಚಿಕ್ಕದು. ಹಗ್ಗ ಎಳೆದದ್ದೇ ತಪ್ಪು. ಅಲ್ಲಿಯವರೆಗೆ ಬಾಯಿ ಬಿಡದ, 80 ದಾಟಿದ ಅಜ್ಜಿ "ಇಂಚ ಅತ್ತ್ ಮಗಾ!" (ಹೀಗಲ್ಲ ಮಗಾ!) ಎಂದು ಹುಲ್ಲು ಕಿತ್ತುಕೊಂಡರು. ಅರ್ಧ ಗಂಟೆ ಬೈಗುಳ. ಹುಲ್ಲಿನ ತಲೆಗೊಂದು ಹೆಸರು, ಬುಡಕ್ಕೊಂದು, ಸಡಿಲ ಗಂಟಿಗೊಂದು, ನನ್ನಂಥ ಕೈಲಾಗದವನಿಗೊಂದು! ಮತ್ತೆ ಹೋದಲ್ಲೆಲ್ಲ ಅದೇ ಉಪಾಯ: ಮಳೆಗೆ ಹೊದೆಯುವ ಗೊರಬೆ ತಪ್ಪಾಗಿ ಹೆಣೆಯುವುದು, ಅಡಿಕೆ ಹಾಳೆಯ ಟೋಪಿ ಮುಟ್ಟಾಳೆಯನ್ನು ಸೊಟ್ಟಗೆ ಹೊಲಿಯುವುದು, ಬೈಸಿಕೊಳ್ಳುವುದು. ಎಲ್ಲಿ ತಪ್ಪಿದರೆ ಹೆಚ್ಚು ಪದ ಉದುರುತ್ತದೆ ಎಂಬುದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಬರೆದಿಡುವ ಪ್ರಯೋಗವೂ ಆಯಿತು. ಕನ್ನಡ ಲಿಪಿಯಲ್ಲಿ "ಯಾನ್ ಮಲ್ಪುವೆ" (ನಾನು ಮಾಡುತ್ತೇನೆ), "ಆಯೆ ಮಲ್ಪುವೆ" (ಅವನು ಮಾಡುತ್ತಾನೆ), ಎರಡಕ್ಕೂ ಒಂದೇ "ವೆ". ಬಾಯಲ್ಲಿ ಕೊನೆಯ ಎಕಾರ ಬೇರೆ ಬೇರೆ. ಮೇಲೊಂದು ಗುರುತು ಹಾಕಿ ನೋಡಿದೆ, ಮರುವಾರ ನನಗೇ ಗೊಂದಲ. 2024ರಲ್ಲಿ ತುಳು-ತಿಗಳಾರಿ ಲಿಪಿ ಕಂಪ್ಯೂಟರಿನ ಅಕ್ಷರಪಟ್ಟಿಯಾದ ಯುನಿಕೋಡಿಗೆ ಸೇರಿದ್ದು ಸಂತೋಷವೇ, ಆದರೆ ನನ್ನ ಅಜ್ಜಿಯಂದಿರಲ್ಲಿ ಒಬ್ಬರಿಗೂ ಆ ಲಿಪಿ ಬಾರದು. ದನಿಯನ್ನೇ ನಂಬಿದೆ.

ಮುಂಬೈಯ ನೆಂಟರಿಗೆ ಮೊದಲು ಪಾಠದ ಹಾಗೆ ಪದ ಕಳಿಸಿದ್ದೆ, ಯಾರೂ ಕೇಳಲಿಲ್ಲ. ಬೈಗುಳದ ತುಣುಕು ಕಳಿಸಿದೆ. ಅವರ ಮಕ್ಕಳಿಗೆ ಅದೀಗ ಬಾಯಿಪಾಠ.

ನಿಘಂಟಿನ ಮಾತೆತ್ತಿ ನಕ್ಕವರೊಬ್ಬರು ಮೊನ್ನೆ ಫೋನ್ ಮಾಡಿ, ಆ ಕೈಲಾಗದವನ ಪದ ಯಾವುದೆಂದು ಕೇಳಿದರು. ಒಂದು ಕಟ್ಟು ಬೈಹುಲ್ಲು ತನ್ನಿ ಎಂದೆ.